ಇರಕಲ್ಲಗಡದ ಬಡಿಗ ಅಜ್ಜ ಮತ್ತು ಹತ್ತು ಕಿಲೋ ಬಿಲ್ಲು

ಬಿಲ್ಲು ಅಂದ ಕೂಡಲೇ ನಮ್ಮ ಭಾಗದವರಿಗೆ ನೆನಪಾಗುವುದು ಮೈಲಾರ. ಭರತ ಹುಣ್ಣಿಮೆ ಮುಗಿದ ಮೇಲೆ ಡೆಂಕಣ ಮರಡಿಯಲ್ಲಿ ಗೊರವಯ್ಯ ಬಿಲ್ಲೇರುತ್ತಾನೆ. "ಸದ್ದಲೇ" ಅಂದರೆ ಸಾಕು, ಸೇರಿದ ಅಷ್ಟೂ ಜನ ಗಪ್‌ಚಿಪ್. ಆಮೇಲೆ ಒಂದು ಸಾಲು ಕಾರಣಿಕ. ಮರುದಿನ ಊರೂರ ಕಟ್ಟೆಯ ಮೇಲೆ ಅದರ ಅರ್ಥ ಬಿಡಿಸುವ ಕೆಲಸ: ಮಳೆ ಹೆಂಗೆ, ಬೆಳೆ ಹೆಂಗೆ, ಸರಕಾರ ಉಳಿಯುತ್ತೋ ಬೀಳುತ್ತೋ. ಆದರೆ ಅದು ಏರುವ ಬಿಲ್ಲು, ಎಳೆಯುವ ಬಿಲ್ಲಲ್ಲ.

ಇನ್ನೊಂದು ಪಿಂಜಾರರ ಬಿಲ್ಲು. ಮೂವತ್ತು ದಾಟಿದವರಿಗೆ ಆ "ಠಂಯ್ ಠಂಯ್" ಸದ್ದು ಕಿವಿಯಲ್ಲಿ ಇರಬೇಕು. ಅಂಗಳದಲ್ಲಿ ಹಳೇ ಗಾದಿಯ ಅರಳೆ ಸುರುವಿ, ಬಿಲ್ಲಿನ ನರಕ್ಕೆ ಕಟ್ಟಿಗೆಯ ಗುಂಡಿನಿಂದ ಹೊಡೆದರೆ ಗಂಟುಗಟ್ಟಿದ ಅರಳೆ ಮೋಡದಂತೆ ಹಾರುತ್ತಿತ್ತು. ಅದೂ ಹೆಸರಿಗಷ್ಟೇ ಬಿಲ್ಲು. ಅಲ್ಲಿ ನಡುಗುವುದು ನರ, ಮರ ಬಾಗುವುದಿಲ್ಲ.

ಬಾಗುವ, ಬಾಣ ಬಿಡುವ ಬಿಲ್ಲು ನಮ್ಮ ಕಡೆ ಕಲ್ಲಿನಲ್ಲಿದೆ, ಬಣ್ಣದಲ್ಲಿದೆ. ಊರಾಚೆ ಮಲಗಿರುವ ವೀರಗಲ್ಲುಗಳಲ್ಲಿ ಬಿಲ್ಲು ಹಿಡಿದವರು ಸಿಗುತ್ತಾರೆ. ಹಂಪಿಯ ವಿರೂಪಾಕ್ಷ ಗುಡಿಯ ಮಂಟಪದಲ್ಲಿ ತಲೆ ಎತ್ತಿ ನೋಡಿದರೆ ಅರ್ಜುನ ಮತ್ಸ್ಯಯಂತ್ರಕ್ಕೆ ಗುರಿ ಇಟ್ಟಿದ್ದಾನೆ. ಮನೆಯಲ್ಲಿ ಮಾತ್ರ ಒಂದೂ ಇಲ್ಲ. ನಮಗೆ ಬೇಕಾಗಿದ್ದು ಅದೇ.

ಬೇಕಾದದ್ದು ಅಕ್ಕನ ಮಗಳಿಗೆ. ಒಂಬತ್ತನೇ ತರಗತಿ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಕಾಶ್ಮೀರದ ಕಡೆಯ ಶೀತಲ್ ದೇವಿ ಕಾಲಿನಲ್ಲಿ ಬಿಲ್ಲು ಹಿಡಿದು, ಭುಜದಿಂದ ಎಳೆದು, ಮಿಶ್ರ ತಂಡದಲ್ಲಿ ಕಂಚು ಗೆದ್ದಳಲ್ಲ, ಆ ವಿಡಿಯೊ ಇವಳ ಫೋನಿಗೆ ಬಂದಿತ್ತು. ಎಷ್ಟು ಸಲ ನೋಡಿದಳೋ ಲೆಕ್ಕವಿಲ್ಲ. ಒಂದು ದಿನ ಬಂದು ನಿಂತಳು. "ಮಾಮಾ, ಆಕಿಗೆ ಎರಡೂ ಕೈ ಇಲ್ಲ, ಬಿಲ್ಲು ಐತಿ. ನನಗ ಎರಡೂ ಕೈ ಅದಾವ, ಬಿಲ್ಲಿಲ್ಲ."

ಇದಕ್ಕೆ ಏನು ಉತ್ತರ ಹೇಳುವುದು? ಅಕ್ಕ ಮಾತ್ರ ಒಳಗಿನಿಂದಲೇ ಹೇಳಿದಳು: "ಬಿಲ್ಲು ಹಿಡಿದು ಏನ್ ಮಾಡ್ತಾಳೋ ತಮ್ಮಾ? ನಾಳೆ ಕೊಟ್ಟ ಮನ್ಯಾಗ ಕಾಗಿ ಹೊಡೀತಾಳೇನು?"

ರೇಟು ವಿಚಾರಿಸಿದೆವು. ಒಲಿಂಪಿಕ್ಸ್‌ನಲ್ಲಿ ಬಳಸುವಂಥ ಬಿಲ್ಲು, ಅದರ ಸಾಮಾನು ಎಲ್ಲ ಸೇರಿದರೆ ಲಕ್ಷ ದಾಟುತ್ತದೆ. ಸುದ್ದಿಗೆ ಇಷ್ಟು ಅಂತ ಎಣಿಸಿ ಕೊಡುವ ಕಾಸಿನಲ್ಲಿ ಬದುಕುವ ನಮಗೆ ಅದು ಆಗದ ಮಾತು. ಆದರೆ ಹುಡುಕುವಾಗ ಒಂದು ವಿಷಯ ಗೊತ್ತಾಯಿತು. ನಮ್ಮ ದೇಶದ ಸ್ಪರ್ಧೆಗಳಲ್ಲಿ 'ಇಂಡಿಯನ್ ರೌಂಡ್' ಅಂತ ಬೇರೆ ವಿಭಾಗವೇ ಇದೆ. ಅಲ್ಲಿ ಬಿದಿರು, ಮರದ ಸಾದಾ ಬಿಲ್ಲು. ಗುರಿ ನೋಡುವ ಯಂತ್ರಗಿಂತ್ರ ಇಲ್ಲ. ರಾಜಸ್ಥಾನದ ಬುಡಕಟ್ಟಿನ ಹುಡುಗ ಲಿಂಬಾ ರಾಮ್ ಬಿದಿರಿನ ಬಿಲ್ಲಿನಿಂದ ಶುರು ಮಾಡಿ 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ವರೆಗೆ ಹೋಗಿದ್ದರು.

ಅಂದರೆ ಮರದ ಬಿಲ್ಲಿಗೂ ಒಂದು ದಾರಿ ಇದೆ. ಮಾಡುವವರು ಯಾರು?

ಮೊದಲು ಕಿನ್ನಾಳಕ್ಕೆ ಹೋದೆವು. ಕೊಪ್ಪಳ ಜಿಲ್ಲೆಯಲ್ಲಿ ಮರದ ಕೆಲಸ ಅಂದರೆ ಕಿನ್ನಾಳದ ಚಿತ್ರಗಾರರೇ ಅಲ್ಲವೇ. ಅವರ ಬೊಂಬೆಗೆ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಹುಣಸೆ ಬೀಜದ ಅಂಟು, ಗೋಣಿನಾರು, ಮರದ ಪುಡಿ ಕಲಸಿದ ಕಿಟ್ಟ ಮೆತ್ತಿ, ಮೇಲೆ ಬಣ್ಣ ಹಚ್ಚಿ ಗರುಡ, ಲಕ್ಷ್ಮಿ, ಗೌರಿ ಮಾಡುವ ಕೈಗಳು ಅವು. ಒಬ್ಬ ಹಿರಿಯರು ನಮ್ಮ ಮಾತು ಕೇಳಿ ನಕ್ಕರು. "ನಮ್ಮ ಮರ ಹಗುರ ರೀ. ಬೊಂಬಿಗೆ ಬೇಕಾಗಿದ್ದೂ ಹಗುರ ಮರಾನ. ಇದನ್ನ ಎಳದ್ರ ಸೌತಿಕಾಯಿ ಮುರದಂಗ ಮುರೀತೈತಿ. ನಿಮ್ಮೂರಾಗ ಬಂಡಿ ಮಾಡಿದ ಬಡಿಗರು ಇದ್ರ ಅವರನ್ನ ಕೇಳ್ರಿ."

ನಮ್ಮೂರಲ್ಲಿ ಇದ್ದರು. ವಯಸ್ಸು ಎಪ್ಪತ್ತು ದಾಟಿದೆ. ಹೆಸರು ಹಾಕಬೇಡ ಅಂದಿದ್ದಾರೆ, "ಹೆಸರು ಹಾಕಿದ್ರ ಎಲ್ಲಾರೂ ಮುರಕ ಕುರ್ಚಿ ತಗೊಂಡು ಬರ್ತಾರ" ಅಂತ. ಹಾಗಾಗಿ ಬಡಿಗ ಅಜ್ಜ ಅಂತಲೇ ಕರೆಯುತ್ತೇವೆ. ರಂಟಿ, ಕುಂಟಿ, ಕೂರಿಗಿ, ನೊಗ, ಬಂಡಿ ಎಲ್ಲ ಮಾಡಿದವರು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯದ ಕಾಳು ತಂದವರು. ಆಮೇಲೆ ಟ್ರ್ಯಾಕ್ಟರ್ ಬಂತು, ಕೂರಿಗಿ ಕಬ್ಬಿಣದ್ದಾಯಿತು, ಬಾಗಿಲು ಪ್ಲೈವುಡ್ ಆಯಿತು. ಈಗ ಅವರ ಉಳಿ, ಬಾಚಿ ಹೊರಬರುವುದು ಆಯುಧಪೂಜೆಗೆ.

"ಅಜ್ಜಾ, ಬಿಲ್ಲು ಮಾಡಿ ಗೊತ್ತೈತೇನು?"

"ಪಿಂಜಾರರಿಗೆ ಮಾಡಿಕೊಟ್ಟೇನಿ. ಹೊಡಿಯೋ ಬಿಲ್ಲು ಮಾಡಿಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆದ್ರ ಯಾವ ಮರ ಬಾಗ್ತೈತಿ, ಯಾವುದು ಮುರೀತೈತಿ ಗೊತ್ತೈತಿ. ಇನ್ನೇನು ಬೇಕು?"

ಬಿದಿರಿನಲ್ಲಿ ಮಾಡಿದರೆ ಸುಲಭವಲ್ಲವೇ ಅಂತ ಕೇಳಿದೆವು. "ಬಿದಿರು ಮೇದಾರರ ಮರ. ನನ್ನ ಮರ ನನಗ ಕೊಡು" ಅಂದರು. ಬನ್ನಿ ಗಟ್ಟಿ ಮರ, ಅದರಲ್ಲಿ ಮಾಡೋಣವೇ ಅಂದದ್ದಕ್ಕೆ ಮುಖ ನೋಡಿದರು. ಪಾಂಡವರು ಬಿಲ್ಲು ಬಚ್ಚಿಟ್ಟ ಮರ ಕಡಿದು ಬಿಲ್ಲು ಮಾಡುತ್ತಾರೆಯೇ?

ಮೇ ತಿಂಗಳ ಅಡ್ಡಮಳೆಗೆ ನಮ್ಮ ಹೊಲದ ಬದುವಿನಲ್ಲಿ ಒಂದು ಜಾಲಿ ಬಿದ್ದಿತ್ತು. ಅದರಿಂದ ಶುರು. ಹಸಿ ಮರವನ್ನು ಗರಗಸದಿಂದ ಹಲಗೆ ಕೊಯ್ಯಬಾರದಂತೆ. ಬೆಣೆ ಬಡಿದು ಸೀಳಬೇಕು. ಗರಗಸ ತಾನು ಹೋದದ್ದೇ ದಾರಿ ಅನ್ನುತ್ತದೆ, ಮರದ ಎಳೆಗಳನ್ನು ಅಡ್ಡ ಕತ್ತರಿಸುತ್ತದೆ. ಸೀಳು ಎಳೆಯ ಜೊತೆಗೇ ಹೋಗುತ್ತದೆ. ಸೀಳಿದ ತುಂಡು ತಿರುಚಿಕೊಂಡು ಬಂದರೆ ಒಳಗಿನ ಎಳೆಯೂ ತಿರುಚಿದೆ ಅಂತ ಅರ್ಥ, ಅದು ಒಲೆಗೆ. ನಮ್ಮ ಜಾಲಿಯಲ್ಲಿ ನಾಲ್ಕು ಸೀಳು ಬಂದವು. ಅವುಗಳಲ್ಲಿ ಮೂರು ಒಲೆಗೇ ಹೋದವು.

ಉಳಿದ ಒಂದರ ಎರಡೂ ತುದಿಗೆ ಅಜ್ಜ ಸಗಣಿ ಮೆತ್ತಿದರು. ಮರ ಒಣಗುವುದು ತುದಿಯಿಂದ ಬೇಗ. ನೀರು ಅಲ್ಲಿಂದ ಓಡಿಹೋಗುತ್ತದೆ. ತುದಿ ಮೊದಲು ಒಣಗಿ ಕುಗ್ಗಿದರೆ, ನಡು ಇನ್ನೂ ಹಸಿ ಇದ್ದರೆ, ಬಿರುಕು ಬಿಡದೆ ಇನ್ನೇನು ಮಾಡೀತು. ನಾಲ್ಕು ತಿಂಗಳು ಅಟ್ಟದ ನೆರಳಲ್ಲಿ ಇಟ್ಟರು. ಅಷ್ಟರಲ್ಲಿ ಹುಡುಗಿ ವಾರಕ್ಕೆ ಎರಡು ಸಲ ಹೋಗಿ "ಅಜ್ಜಾ, ಒಣಗೇತೇನು?" ಅಂತ ಕೇಳುವಳು. ಅವರು ಗೆಣ್ಣಿನಿಂದ ಕುಟ್ಟಿ ತೋರಿಸುವರು. ಹಸಿ ಮರ "ದಬ್" ಅನ್ನುತ್ತದೆ, ಒಣಗಿದ್ದು "ಟಣ್" ಅನ್ನುತ್ತದೆ.

ದಸರೆ ಕಳೆದ ಮೇಲೆ ಕೆತ್ತಿದರು. ಕೆತ್ತುವ ಮುಂಚೆ ಒಂದು ಪಾಠ ಹೇಳಿದರು, ಅದನ್ನು ಇಲ್ಲಿ ಸರಿಯಾಗಿ ಬರೆಯಬೇಕು. ಬಿಲ್ಲಿಗೆ ಬೆನ್ನು, ಹೊಟ್ಟೆ ಅಂತ ಇವೆ. ಗುರಿಯ ಕಡೆ ಇರುವುದು ಬೆನ್ನು, ಎಳೆಯುವವರ ಕಡೆ ಇರುವುದು ಹೊಟ್ಟೆ. ಎಳೆದಾಗ ಬೆನ್ನು ಹಿಗ್ಗುತ್ತದೆ, ಹೊಟ್ಟೆ ಕುಗ್ಗುತ್ತದೆ. ಮುರಿಯುವುದು ಸಾಮಾನ್ಯವಾಗಿ ಬೆನ್ನಿನಿಂದ. ಬೆನ್ನಿನ ಮೇಲಿನ ಎಳೆ ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ಕಡಿಯದೆ ಒಂದೇ ಸಮ ಓಡಿರಬೇಕು. ಒಂದು ಕಡೆ ಉಳಿ ಆಳಕ್ಕೆ ಹೋಗಿ ಎಳೆ ಕಡಿದರೆ, ಮೊದಲು ಏಳುವ ಸಿಬಿರು ಅಲ್ಲಿಯದೇ. ಚಳಿ ದೇಶದವರು ಇದಕ್ಕೆ ಮರದ ವರ್ಷದ ಬಳೆ ನೋಡುತ್ತಾರೆ. ಒಂದೇ ಬಳೆಯನ್ನು ಉದ್ದಕ್ಕೂ ಬಿಡಿಸಿ ಅದನ್ನೇ ಬೆನ್ನು ಮಾಡುತ್ತಾರೆ. ನಮ್ಮ ಬಿಸಿಲುನಾಡಿನ ಎಷ್ಟೋ ಮರಗಳಲ್ಲಿ ಬಳೆ ಅಷ್ಟು ಚಂದ ಕಾಣುವುದಿಲ್ಲ. ಅಜ್ಜ ಕಣ್ಣಿಗಿಂತ ಹೆಬ್ಬೆರಳನ್ನೇ ನಂಬಿದರು.

ಜಾಲಿ ಬಿಲ್ಲು ತಯಾರಾಯಿತು. ಹುಡುಗಿಯ ಕೈಗೆ ಕೊಡಲಿಲ್ಲ. ಬಾಗಿಲ ಚೌಕಟ್ಟಿಗೆ ಸಿಗಿಸಿ, ಹಗ್ಗ ಕಟ್ಟಿ, ನಮ್ಮನ್ನೆಲ್ಲ ದೂರ ನಿಲ್ಲಿಸಿ ಎಳೆಯುತ್ತಾ ಹೋದರು. ನಿಲ್ಲಿಸಲೇ ಇಲ್ಲ. "ಫಟಾರ್" ಅಂತ ಮುರಿಯಿತು. ಹುಡುಗಿ ಅತ್ತೇಬಿಟ್ಟಳು. ಅಜ್ಜ ಮುರಿದ ಜಾಗ ಅವಳಿಗೇ ತೋರಿಸಿದರು: ಬೆನ್ನಿನ ಮೇಲೆ ಜೋಳದ ಕಾಳಿನಷ್ಟು ಗಂಟು. "ಇದು ನಿನ್ನ ಕೈಯಾಗ ಮುರದಿದ್ರ ಕಣ್ಣಿಗೆ ಬರ್ತಿತ್ತವ್ವಾ. ಮೊದಲನೇದು ಮುರಿಯಾಕ ಅಂತನ ಮಾಡಿದ್ದು." ಜಾಲಿ ಗಟ್ಟಿ ಖರೆ, ರಂಟಿಗೆ ಒಳ್ಳೇದು, ಆದರೆ ಗಟ್ಟಿ ಇರುವುದೆಲ್ಲ ಪುಟಿಯುವುದಿಲ್ಲ ಅಂತ ಅವರಿಗೆ ಮೊದಲೇ ಗೊತ್ತಿತ್ತು. ಎಷ್ಟು ಬಾಗಿದ ಮೇಲೆ ಮುರಿಯುತ್ತದೆ ಅಂತ ತಮ್ಮ ಕೈಗೆ ತಿಳಿಯಬೇಕಿತ್ತು, ಅಷ್ಟೇ.

ಆಮೇಲೆ ಅಟ್ಟ ಹತ್ತಿ ಒಂದು ತುಂಡು ಇಳಿಸಿದರು. ಧೂಳು ಒರೆಸಿದರೆ ಕೆಂಪು ಕಂದು ಬಣ್ಣ. ತಡಸಲು. ಮಲೆನಾಡಿನವರು ದಡಸಲು ಅನ್ನುತ್ತಾರೆ. ಯಾರೋ ಬಂಡಿಯ ಮೂಕಿಗೆ ಅಂತ ಹೇಳಿ, ಬಂಡಿಯನ್ನೇ ಮಾರಿ, ತಿರುಗಿ ಬರಲಿಲ್ಲವಂತೆ. ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಕೊಡಲಿ ಕಾವು, ಬಂಡಿಯ ಮೂಕಿ, ಹೆಗಲಡ್ಡೆ ಇಂಥ ಪುಟಿಯುವ ಕೆಲಸಕ್ಕೆಲ್ಲ ಹಿಂದಿನವರು ಆರಿಸುತ್ತಿದ್ದ ಮರ ಇದು. ಇದಕ್ಕೆ ಸಂಸ್ಕೃತದಲ್ಲಿ ಧನುರ್ವೃಕ್ಷ ಅಂತಲೇ ಹೆಸರು. ಬಿಲ್ಲಿನ ಮರ! ನಾವು ಫೋನಿನಲ್ಲಿ ಓದಿ ಹೇಳಿದಾಗ ಅಜ್ಜನಿಗೆ ಅಂಥ ಆಶ್ಚರ್ಯವೇನೂ ಆಗಲಿಲ್ಲ. "ಹೆಸರಿಟ್ಟಾಂವ ಬಡಿಗನ ಇರಬೇಕು" ಅಂದರು.

ಎಷ್ಟು ಉದ್ದ? ಅಲೆಕ್ಸಾಂಡರನ ಜೊತೆ ಬಂದ ನಿಯಾರ್ಕಸ್, ಭಾರತದವರ ಬಿಲ್ಲು ಆಳೆತ್ತರ, ಒಂದು ತುದಿ ನೆಲಕ್ಕೂರಿ ಎಡಗಾಲಿನಿಂದ ಒತ್ತಿ ಎಳೆಯುತ್ತಾರೆ ಅಂತ ಹೇಳಿದ್ದು ಗ್ರೀಕರ ಪುಸ್ತಕದಲ್ಲಿ ಉಳಿದಿದೆ. ಇಂಗ್ಲೆಂಡಿನಲ್ಲಿ 1545ರಲ್ಲಿ ಮುಳುಗಿದ ಮೇರಿ ರೋಸ್ ಹಡಗನ್ನು 1982ರಲ್ಲಿ ಎತ್ತಿದರು. ಅದರಲ್ಲಿದ್ದ ನೂರಕ್ಕೂ ಹೆಚ್ಚು ಯೂ ಮರದ ಬಿಲ್ಲುಗಳು ಸಿಕ್ಕಿವೆ, ಅವೂ ಆಳೆತ್ತರದವು. ಉದ್ದ ಇದ್ದಷ್ಟೂ ಒಂದೇ ಕಡೆ ಹೆಚ್ಚು ಬಾಗಬೇಕಿಲ್ಲ, ಮುರಿಯುವ ಭಯ ಕಮ್ಮಿ. ಹುಡುಗಿಯ ಎತ್ತರ ನಾಲ್ಕು ಅಡಿ ಹತ್ತು ಇಂಚು. ಅಜ್ಜ ಅವಳ ತಲೆಯ ಮೇಲೆ ನಾಲ್ಕು ಬೆರಳು ಇಟ್ಟು ಅಳತೆ ಹಿಡಿದರು.

ಬಾಚಿಯಿಂದ ಒರಟು ತೆಗೆದು, ರಂದಾ ಹೊಡೆದು, ಹಿಡಿಕೆ ದಪ್ಪ ಬಿಟ್ಟು, ಎರಡೂ ಕಡೆ ರೆಕ್ಕೆ ಎರಡು ಇಂಚು ಅಗಲ, ತುದಿಗೆ ಹೋಗುತ್ತಾ ಕಿರುಬೆರಳಿನಷ್ಟು. ಇಲ್ಲಿವರೆಗೆ ಎರಡು ದಿನ. ಆಮೇಲಿನದಕ್ಕೆ ಒಂಬತ್ತು ದಿನ. ಯಾಕೆಂದರೆ ಬಿಲ್ಲಿನ ಜೀವ ಇರುವುದು ಎರಡೂ ರೆಕ್ಕೆ ಸಮನಾಗಿ ಬಾಗುವುದರಲ್ಲಿ.

ಗೋಡೆಯ ಮೊಳೆಗೆ ಹಿಡಿಕೆ ಸಿಗಿಸಿದರು. ಹುರಿಗೆ ಹಗ್ಗ ಕಟ್ಟಿ, ಕೆಳಗೆ ನೆಲಕ್ಕೆ ಬಿಗಿದ ಹಳೇ ಬಾವಿಯ ಗಡಗಡಿಯ ಮೂಲಕ ಎಳೆದು, ದೂರದಲ್ಲಿ ನಿಂತು ನೋಡುವುದು. ಗೋಡೆಯ ಮೇಲೆ ಇದ್ದಿಲಿನಿಂದ ಬಾಗು ಬರೆಯುವುದು. ಎಡ ರೆಕ್ಕೆ ಎಲ್ಲಿ ಬಿರುಸಾಗಿದೆಯೋ ಅಲ್ಲಿ ಮಾತ್ರ, ಹೊಟ್ಟೆಯ ಕಡೆಯಿಂದ ಮಾತ್ರ, ಒಡೆದ ಗಾಜಿನ ಚೂರಿನಿಂದ ಹೆರೆಯುವುದು. ಮತ್ತೆ ಸಿಗಿಸುವುದು, ಇಪ್ಪತ್ತು ಸಲ ಮೆಲ್ಲಗೆ ಎಳೆದು ಬಿಡುವುದು, ಮತ್ತೆ ನೋಡುವುದು. ಮೆತ್ತಗಾದ ಕಡೆ ಕೈ ಹಚ್ಚುವಂತಿಲ್ಲ. ತೆಗೆದ ಮರ ತಿರುಗಿ ಬರುವುದಿಲ್ಲ.

ಇದರ ಹಿಂದೆ ಲೆಕ್ಕ ಇದೆ. ಪಟ್ಟಿಯ ಅಗಲ ಅರ್ಧ ಮಾಡಿದರೆ ಬಿರುಸು ಅರ್ಧವಾಗುತ್ತದೆ. ದಪ್ಪ ಅರ್ಧ ಮಾಡಿದರೆ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಮೂರನೇ ಇಯತ್ತೆ ಓದಿದ ಅಜ್ಜ ಇದನ್ನು ತಮ್ಮ ರೀತಿಯಲ್ಲಿ ಹೇಳಿದರು: "ಅಗಲದಾಗ ತಪ್ಪಿದ್ರ ದಂಡ, ದಪ್ಪದಾಗ ತಪ್ಪಿದ್ರ ಗಲ್ಲು." ಡಿಪ್ಲೊಮಾ ಓದಿದ ನಾವು ಮೂರು ಪ್ಯಾರಾ ಬರೆದರೂ ಇಷ್ಟು ಚೊಕ್ಕ ಬರುವುದಿಲ್ಲ.

ನಡುನಡುವೆ ಹತ್ತಿ ಅಂಗಡಿಯಿಂದ ಸಾಲ ತಂದ ತೂಗುಕಾಟಾ ಹಾಕಿ ನೋಡುತ್ತಿದ್ದರು. ಮೊದಲ ದಿನ ಮುಕ್ಕಾಲು ಎಳೆಯುವುದರಲ್ಲೇ ಹದಿನೆಂಟು ಕಿಲೋ. ಹದಿನಾಲ್ಕು ವರ್ಷದ ಹುಡುಗಿಗೆ ಅದು ಆಗುವುದಿಲ್ಲ. ಹೆರೆಯುತ್ತಾ ಹೆರೆಯುತ್ತಾ ಒಂಬತ್ತನೇ ದಿನ, ಇಪ್ಪತ್ನಾಲ್ಕು ಇಂಚು ಎಳೆದಾಗ ಕಾಟಾ ಹತ್ತು ಕಿಲೋ ತೋರಿಸಿತು. ಅಜ್ಜ ಗಾಜಿನ ಚೂರು ಕೆಳಗಿಟ್ಟರು.

ಹುರಿಯದು ಬೇರೆ ಕಥೆ. ಹಿಂದೆ ಬಿಲ್ಲಿನ ಹೆದೆಗೆ ಮೂರ್ವಾ ಅನ್ನುವ ಗಿಡದ ನಾರು ಬಳಸುತ್ತಿದ್ದರು. ಹೆದೆಗೆ ಮೌರ್ವಿ ಅನ್ನುವ ಹೆಸರು ಬಂದದ್ದು ಅದರಿಂದಲೇ. ಪೇಟೆಯವರು ಕುಂಡದಲ್ಲಿ ಇಡುವ ಸ್ನೇಕ್ ಪ್ಲಾಂಟ್ ಇದೆಯಲ್ಲ, ಅದರ ಬಳಗ. ನಮಗೆ ಸಿಗಲಿಲ್ಲ. ನೈಲಾನ್ ಹಗ್ಗ ರಬ್ಬರಿನಂತೆ ಹಿಗ್ಗುತ್ತದೆ, ಬಾಣಕ್ಕೆ ಹೋಗಬೇಕಾದ ಬಲ ಅಲ್ಲೇ ಸೋರಿಹೋಗುತ್ತದೆ. ಪುಂಡಿ ನಾರು ಆಗುತ್ತದೇನೋ ಅಂತ ಮಾತಾಡುತ್ತಾ ಕೂತಿದ್ದಾಗ ಅಕ್ಕ ಒಳಗಿನಿಂದ ಬಂದು ನಾರು ಕಸಿದುಕೊಂಡಳು. "ನಿಮ್ಮ ಕೈಲೆ ಆಗೂದಲ್ಲ ಇದು" ಅಂದು, ಸೀರೆ ಸರಿಸಿ ತೊಡೆಯ ಮೇಲೆ ಹೊಸೆಯತೊಡಗಿದಳು. ದನದ ಹಗ್ಗ ಹೊಸೆದು ಬೆಳೆದ ಕೈ. ಮೂರು ಎಳೆ, ಒಂದಕ್ಕೊಂದು ಎದುರು ತಿರುವು, ಮೇಲೆ ಮೇಣದ ಬತ್ತಿ ತಿಕ್ಕಿದಳು. ಸಂಜೆ ಹೊತ್ತಿಗೆ ಹೆದೆ ತಯಾರು. ಕಾಗೆಯ ಮಾತು ಅವಳೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಬಾಣ ಮೇದಾರ ಓಣಿಯಿಂದ ಬಂದವು. ಸಣ್ಣ ಬಿದಿರು ಕಡ್ಡಿ, ಬೆಂಕಿಯ ಬಿಸಿಗೆ ಹಿಡಿದು ನೆಟ್ಟಗೆ ಮಾಡಿದ್ದು. ಹುಂಜದ ರೆಕ್ಕೆಯ ಗರಿ ಮೂರು ಮೂರು. ತುದಿಗೆ ಮೊನೆ ಹಾಕಲಿಲ್ಲ, ಸುತ್ತ ಹುಡುಗರ ದಂಡೇ ನೆರೆದಿತ್ತು. ಅವರಲ್ಲಿ ಒಬ್ಬ "ಗುಡ್ಡಕ್ಕ ಹೋಗಿ ಮೊಲ ಹೊಡಿಯೂಣು" ಅಂದ. ನಮ್ಮ ಗುಡ್ಡದಲ್ಲಿ ಮೊಲವಷ್ಟೇ ಅಲ್ಲ, ಕರಡಿ, ಚಿರತೆಯೂ ಇವೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಜೈಲಿನ ದಾರಿ ಅಂತ ಹೇಳಿ ಕೂರಿಸಿದೆವು.

ಊರ ಹೊರಗೆ, ಬಂಡೆಯ ಬುಡದಲ್ಲಿ, ಮೆಕ್ಕೆಜೋಳದ ರವದಿ ತುಂಬಿದ ಗೋಣಿಚೀಲ ನಿಲ್ಲಿಸಿದೆವು. ಹದಿನೈದು ಹೆಜ್ಜೆ ದೂರ. ಅಜ್ಜ ಒಂದೇ ಮಾತು ಹೇಳಿದರು: "ಬಾಣ ಇಲ್ಲದ ಎಳದು ಬಿಡಬ್ಯಾಡ. ಆ ಪೆಟ್ಟು ಮರಕ್ಕ ಬೀಳ್ತೈತಿ." ಹನ್ನೆರಡು ಬಾಣ. ಮೊದಲ ಐದು ಎಲ್ಲೆಲ್ಲೋ ಹೋದವು. ಆರನೆಯದು ಚೀಲಕ್ಕೆ "ಧಪ್" ಅಂತ ಬಡಿಯಿತು. ಒಟ್ಟು ನಾಲ್ಕು ತಾಗಿದವು. ಎಲ್ಲರೂ ಬಾಣ ನೋಡುತ್ತಿದ್ದರು. ಅಜ್ಜ ಒಬ್ಬರೇ ಬಿಲ್ಲು ನೋಡುತ್ತಿದ್ದರು. ಮುಗಿದ ಮೇಲೆ ಹೆದೆ ಇಳಿಸಿ, ಬಿಲ್ಲನ್ನು ಬಂಡೆಗೆ ಒರಗಿಸಿ, ಎಷ್ಟು ಬಾಗು ಉಳಿದಿದೆ ಅಂತ ಬೆರಳಿಟ್ಟು ಅಳೆದರು. "ಒಂದು ಬೆರಳು. ಎರಡರ ಮಟ ಚಿಂತಿಲ್ಲ."

ಅಜ್ಜನಿಗೆ ನಾವು ಕೊಟ್ಟದ್ದು ಒಂದೂವರೆ ಸಾವಿರ. ಹನ್ನೊಂದು ದಿನದ ಕೆಲಸಕ್ಕೆ ಅದು ಏನೇನೂ ಅಲ್ಲ, ಅವರಿಗೂ ಗೊತ್ತು, ನಮಗೂ ಗೊತ್ತು. ಹಳ್ಳಿಯ ಕಸುಬು ಸತ್ತಿತು ಅಂತ ನಾವು ಪತ್ರಕರ್ತರು ವರ್ಷಕ್ಕೊಮ್ಮೆ ಬರೆಯುತ್ತೇವೆ. ಇಲ್ಲಿ ಕಂಡದ್ದು ಬೇರೆ. ಬಡಿಗನ ಕೈ, ಅಕ್ಕನ ಕೈ, ಮೇದಾರರ ಕೈ ಎಲ್ಲ ಚೆನ್ನಾಗಿಯೇ ಇವೆ. ಇಲ್ಲದಿರುವುದು ಗಿರಾಕಿ. ಮೊನ್ನೆ ಪಕ್ಕದ ಊರಿನವರೊಬ್ಬರು ಮಗನಿಗೆ ಬಿಲ್ಲು ಬೇಕು ಅಂತ ಬಂದಿದ್ದರು. ಅಜ್ಜ ಮೂರು ಸಾವಿರ ಅಂದರು. ಅವರು ಫೋನು ತೆಗೆದು ಅದೇ ರೇಟಿಗೆ ಬರುವ ಪ್ಲಾಸ್ಟಿಕ್ ಬಿಲ್ಲು ತೋರಿಸಿದರು. ಅಜ್ಜ ತಿರುಗಿಸಿ ತಿರುಗಿಸಿ ನೋಡಿ, "ಚಂದ ಐತಿ, ತಗೋರಿ" ಅಂದರು. ರೇಟು ಮಾತ್ರ ಇಳಿಸಲಿಲ್ಲ. ಎರಡು ದಿನ ಬಿಟ್ಟು ಆ ಮನುಷ್ಯ ತಿರುಗಿ ಬಂದು ಐನೂರು ಮುಂಗಡ ಕೊಟ್ಟು ಹೋಗಿದ್ದಾರೆ.

ಈಗ ತಾಪತ್ರಯ ಮರದ್ದು. ಅಟ್ಟದಲ್ಲಿದ್ದ ತಡಸಲು ಮುಗಿಯಿತು, ನಮ್ಮ ಬಯಲಿನಲ್ಲಿ ಅದು ಬೆಳೆಯುವುದು ಕಾಣುವುದಿಲ್ಲ. ನಿಮ್ಮ ಮನೆಯ ಅಟ್ಟದಲ್ಲೋ, ದನದ ಕೊಟ್ಟಿಗೆಯ ಮೂಲೆಯಲ್ಲೋ ಹಳೇ ಬಂಡಿಯ ತಡಸಲು ಮೂಕಿ ಬಿದ್ದಿದ್ದರೆ, ಒಲೆಗೆ ಹಾಕುವ ಮುಂಚೆ ನಮಗೊಂದು ಮಾತು ಹೇಳಿ. ಗಂಟಿಲ್ಲದ ಐದೂವರೆ ಅಡಿ ಸಾಕು.